ಮೂರನೇ ಮಹಡಿಯ ಕೆಮ್ಮು

ಕೊರೊನಾದ ಹೊಸ ರೂಪಾಂತರಿಯ ಸುದ್ದಿ ಟೀವಿಯಲ್ಲಿ ಬಂದಾಗ ಕನ್ನಡಕದ ಅಂಗಡಿಯಲ್ಲಿ ನಗದೇ ಉಳಿದವಳು ಅವಳೊಬ್ಬಳೇ. ಅಕ್ಷರ, ಅಂಕಿ, ಚುಕ್ಕಿಗಳೆಲ್ಲ ಬೆರೆತ ಆ ಹೆಸರನ್ನು ಓದಿ ಅಂಗಡಿಯ ಮಾಲೀಕರು, ಇದು ರೋಗದ ಹೆಸರೋ ಬೈಕಿನ ನಂಬರೋ ಎಂದು ಕೇಳಿದರು. ಕಣ್ಣು ತೋರಿಸಲು ಬಂದಿದ್ದ ಗಿರಾಕಿಯೊಬ್ಬ, ಹೋದ ನೆಂಟನೇ ಅಂಗಿ ಬದಲಾಯಿಸಿಕೊಂಡು ಬಂದಿದ್ದಾನೆ, ಈ ಸಲ ಕಾಫಿ ಕೊಟ್ಟು ಕಳಿಸಿದರಾಯಿತು ಎಂದ. ಅವಳು ತಲೆಯೆತ್ತದೆ ಕನ್ನಡಕದ ಕಡ್ಡಿಗೆ ಪುಟ್ಟ ತಿರುಪು ಕೂರಿಸುತ್ತಿದ್ದಳು. ಆ ನೆಂಟ ಮೊದಲನೇ ಸಲ ಬಂದಾಗ ಅವಳ ಗಂಡನನ್ನು ಕರೆದುಕೊಂಡು ಹೋಗಿದ್ದ. ಗಂಡ ನಗರದ ಬಸ್ಸು ಓಡಿಸುತ್ತಿದ್ದವನು.

ಅವಳಿದ್ದ ಕಟ್ಟಡಕ್ಕೆ ನಾಲ್ಕು ಮಹಡಿ. ಮೊದಲನೇ ಮಹಡಿಯಲ್ಲಿ ಕಿರಿಯವಳಾದ ಅವಳು, ಮೂರನೆಯದರಲ್ಲಿ ಅವಳ ಸ್ವಂತ ಅಕ್ಕ ಮತ್ತು ಭಾವ. ಕಟ್ಟಡದವರ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಹೊಸ ತಳಿಯದೇ ಮಾತು. ಒಬ್ಬರು ಬಿಸಿನೀರಿನ ಹಬೆ ತೆಗೆದುಕೊಳ್ಳಿ ಎಂದರು. ಇನ್ನೊಬ್ಬರು ಇದೆಲ್ಲ ಲಸಿಕೆ ಮಾರುವವರ ಹೂಟ ಎಂದರು. ಮೂರನೆಯವರು ಯಾವುದೋ ದೊಡ್ಡ ಡಾಕ್ಟರ ಧ್ವನಿಮುದ್ರಣ ಕಳಿಸಿದರು. ಅದು ಮೊದಲ ಸಲವೇ ಎಲ್ಲರ ಫೋನಿಗೂ ಬಂದು ಹಳಸಿಹೋಗಿದ್ದ ಸರಕು. ಒಂದಿಬ್ಬರು ಮಾಸ್ಕು ಕೊಂಡರು, ಮರುದಿನ ಮರೆತರು. ಭಯ ಎನ್ನುವುದು ಎಲ್ಲರಲ್ಲೂ ಖರ್ಚಾಗಿಹೋಗಿತ್ತು.

ಅಷ್ಟರಲ್ಲಿ ಭಾವ ಕೆಮ್ಮಲು ಶುರುಮಾಡಿದ.

ಭಾವನದು ಡ್ರೈವಿಂಗ್ ಶಾಲೆ. ಆ ಬಡಾವಣೆಯಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧದಷ್ಟು ಜನ ಅವನ ಪಕ್ಕ ಕೂತೇ ಕಲಿತವರು. ಗೇರಿಗೊಮ್ಮೆ ‘ಬ್ರೇಕು, ಬ್ರೇಕು’ ಎಂದು ಕೂಗುತ್ತಿದ್ದುದರಿಂದ ಅವನಿಗೆ ಬ್ರೇಕು ಮೇಷ್ಟ್ರು ಎಂದೇ ಹೆಸರು. ಮೇಷ್ಟ್ರಿಗೆ ಜ್ವರವಂತೆ ಎಂದು ತಿಳಿದಿದ್ದೇ ತಡ, ಅಕ್ಕನ ಮನೆ ಸಂತೆಯಾಯಿತು. ಹಳೇ ಶಿಷ್ಯರು ಕಿತ್ತಳೆ ತಂದರು, ಪಕ್ಕದ ಮನೆಯವರು ಸೂಪು ತಂದರು. ಕಟ್ಟಡದ ಸೆಕ್ರೆಟರಿಯ ಹೆಂಡತಿ ದಿನಕ್ಕೆರಡು ಸಲ ಹತ್ತಿ ಬಂದಳು. ಒಂದು ಮಾತು ಕಿವಿಗೆ ಬಿದ್ದರೆ ಊರಿಗೆಲ್ಲ ಸಾರುವ ಆಕೆಯನ್ನು ಎಲ್ಲರೂ ಬೆನ್ನ ಹಿಂದೆ ಡಂಗುರ ಎನ್ನುತ್ತಿದ್ದರು.

ಕಿರಿಯವಳು ಕೆಲಸ ಮುಗಿಸಿ ನೋಡಲು ಹೋದಾಗ ಬಾಗಿಲು ಹಾರುಹೊಡೆದಿತ್ತು. ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಭಾವ ಮೂರು ದಿಂಬಿಗೆ ಒರಗಿ, ಮೂಗು ಕೆಂಪಗೆ ಮಾಡಿಕೊಂಡು, ತಾನು ಹಿಂದೆ ಕಲಿಸಿದ ಯಾರೋ ಹೆಂಗಸು ಹಾಲಿನ ಅಂಗಡಿಯೊಳಕ್ಕೇ ಕಾರು ನುಗ್ಗಿಸಿದ ಕಥೆ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಕ್ಕ ಮಂಚದ ತುದಿಯಲ್ಲಿ ಕೂತು ಕಿತ್ತಳೆಯ ಒಂದೊಂದೇ ತೊಳೆಯ ನಾರು ಬಿಡಿಸಿ ಅವನ ಬಾಯಿಗೆ ಇಡುತ್ತಿದ್ದಳು. ನಡುವೆ ಒಮ್ಮೆ ಅಂಗೈಯನ್ನು ಅವನ ಹಣೆಯ ಮೇಲಿಟ್ಟು, ಈಗ ಪರವಾಗಿಲ್ಲ ಎಂದಳು.

ಕಿರಿಯವಳ ಕಣ್ಣು ಆ ಅಂಗೈಯ ಮೇಲೇ ನಿಂತಿತು. ಭಾವ ಬದುಕಿದ್ದಾನಲ್ಲ ಎಂಬ ಕಿಚ್ಚು ಅವಳಿಗಿರಲಿಲ್ಲ. ಭಾವ ಎಂದರೆ ಅವಳಿಗೂ ಪ್ರೀತಿಯೇ. ಕಿಚ್ಚು ಹತ್ತಿದ್ದು ಆ ಕೈಗೆ, ಆ ಹಣೆಗೆ, ಅವೆರಡರ ನಡುವೆ ಯಾರೂ ಅಡ್ಡ ಬರಲಿಲ್ಲವಲ್ಲ ಎಂಬುದಕ್ಕೆ. ಅವಳ ಗಂಡನನ್ನು ಮೈಯೆಲ್ಲ ಬಿಳಿ ಬಟ್ಟೆ ಮುಚ್ಚಿಕೊಂಡವರು ಬಂದು ಒಯ್ದಿದ್ದರು. ಅವನು ಮೆಟ್ಟಿಲಿಳಿಯುತ್ತಿದ್ದಂತೆ ಎದುರು ಕಟ್ಟಡದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡಿದ್ದವು. ಆಮೇಲೆ ಅವನನ್ನು ಕಂಡಿದ್ದು ಯಾರೋ ನರ್ಸು ಹಿಡಿದ ಫೋನಿನ ಪರದೆಯಲ್ಲಿ, ಅದೂ ಅರ್ಧ ಮುಖ. ಅವನು ಸತ್ತಾಗ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡು ಮಹಡಿ ಮೇಲಿದ್ದ ಅಕ್ಕನೂ ಬರಲಿಲ್ಲ. ಊಟದ ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಗಂಟೆ ಒತ್ತುತ್ತಿದ್ದಳು. ಕಿರಿಯವಳು ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಷ್ಟೇ ಉಳಿದಿರುತ್ತಿತ್ತು. ಕಾಲ ತಿಳಿಯಾದ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಒಬ್ಬರ ಮನೆಯ ಕೀಲಿಕೈ ಇನ್ನೊಬ್ಬರ ಬಳಿ ಇತ್ತು, ಭಾನುವಾರ ಒಟ್ಟಿಗೆ ಉಣ್ಣುತ್ತಿದ್ದರು. ಎಲ್ಲ ಸರಿಹೋಗಿದೆ ಎಂದೇ ಅವಳೂ ಅಂದುಕೊಂಡಿದ್ದಳು.

ಎರಡು ದಿನ ಬಿಟ್ಟು ಅಕ್ಕ ಮೆಟ್ಟಿಲ ತಿರುವಿನಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಪರಿಚಯದ ಡಾಕ್ಟರು ಭಾವನ ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದರಂತೆ. ಅದು ಟೀವಿಯಲ್ಲಿ ಹೇಳುತ್ತಿರುವ ಹೊಸದೇ. ಜ್ವರ ಆಗಲೇ ಇಳಿದಿದೆ, ಭಯಪಡುವಂಥದ್ದೇನಿಲ್ಲ, ಒಂದು ವಾರ ಮನೆಯಲ್ಲಿದ್ದು ಯಾರನ್ನೂ ಸೇರಿಸದಿದ್ದರೆ ಸಾಕು ಎಂದಿದ್ದಾರೆ. ಬರುವವರಿಗೆಲ್ಲ ನಿದ್ದೆ ಮಾಡುತ್ತಿದ್ದಾರೆ ಎಂದು ಹೇಳಿ ಕಳಿಸುತ್ತಿದ್ದೇನೆ ಎಂದಳು ಅಕ್ಕ.

“ಹೊಸದು ಅಂತ ಮಾತ್ರ ಯಾರಿಗೂ ಹೇಳ್ಬೇಡ. ಈ ಜನ ಗೊತ್ತಲ್ಲ ನಿಂಗೆ.”

“ನಂಗೊತ್ತಿಲ್ದೆ ಇನ್ಯಾರಿಗೆ ಗೊತ್ತು?” ಎಂದಳು ಕಿರಿಯವಳು. ಅಕ್ಕ ಆ ಮಾತಿನ ಒಳಗನ್ನು ಹಿಡಿಯಲಿಲ್ಲ. ಅವಸರದಲ್ಲಿ ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಡಂಗುರ ಸಿಕ್ಕಿದಳು. ಮೇಷ್ಟ್ರು ಹೇಗಿದ್ದಾರೆ, ನಿನ್ನೆ ಹೋದರೆ ನಿದ್ದೆ ಅಂದರು, ಹಗಲುಹೊತ್ತಿನಲ್ಲಿ ಏನು ನಿದ್ದೆಯಪ್ಪಾ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದರೆ ಮುಗಿಯುತ್ತಿತ್ತು. ಕಿರಿಯವಳ ನಾಲಿಗೆಗೆ ಆ ಮಾತು ಬಂದೂ ಇತ್ತು. ಆದರೆ ಕಣ್ಣ ಮುಂದೆ ಆ ಅಂಗೈ ನಿಂತಿತು.

“ಅದು ಆ ಹೊಸದೇ ಅಂತೆ,” ಎಂದಳು, ಗಿರಾಕಿಗೆ ಕನ್ನಡಕದ ನಂಬರು ಹೇಳುವ ದನಿಯಲ್ಲಿ. “ದೊಡ್ಡ ಲ್ಯಾಬಿನವ್ರು ಹೇಳಿದಾರೆ.”

ಡಂಗುರ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಲಿಫ್ಟು ನೆಲಕ್ಕೆ ಮುಟ್ಟಿದಾಗ ಬಾಗಿಲು ಪೂರ್ತಿ ತೆರೆಯುವವರೆಗೂ ನಿಲ್ಲಲಿಲ್ಲ, ಓರೆಯಾಗಿ ತೂರಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮೇಜಿನ ಮೇಲಿಟ್ಟಿದ್ದ ಕಿರಿಯವಳ ಫೋನು ಎಡೆಬಿಡದೆ ನಡುಗತೊಡಗಿತು. ನಗುತ್ತಿದ್ದ ಗುಂಪು ಅದೇ, ಜನರೂ ಅವರೇ. ದನಿ ಮಾತ್ರ ಬೇರೆ. ಮೇಷ್ಟ್ರ ಮನೆಗೆ ಯಾರ‍್ಯಾರು ಹೋಗಿದ್ದರು ಹೇಳಿ ಎಂದು ಒಬ್ಬರು ಕೇಳಿದರು. ಮಂಚದ ಮೇಲೆ ಕೂತು ಕಿತ್ತಳೆ ತಿಂದವರೆಲ್ಲ ತಾವು ಬಾಗಿಲ ಹತ್ತಿರವೇ ನಿಂತು ಬಂದೆವು ಎಂದರು. ಲಿಫ್ಟಿನ ಗುಂಡಿ ಒರೆಸಬೇಕು ಎಂದರು, ಇಡೀ ಕಟ್ಟಡಕ್ಕೇ ಔಷಧಿ ಹೊಡೆಸಬೇಕು ಎಂದರು, ಅವರನ್ನು ಬೇರೆಲ್ಲಾದರೂ ಇಡಬಾರದೇ ಎಂದರು. ಲಸಿಕೆ ಮಾರುವವರ ಹೂಟ ಎಂದಿದ್ದವರು ಹೆಂಡತಿ ಮಕ್ಕಳನ್ನು ಮಾವನ ಮನೆಗೆ ಸಾಗಿಸಿಬಿಟ್ಟರು. ಸಂಜೆ ಯಾವುದೋ ಸಣ್ಣ ಚಾನೆಲ್ಲಿನವನು ಗೇಟಿನ ಮುಂದೆ ನಿಂತು ಮೂರನೇ ಮಹಡಿಯ ಕಿಟಕಿಯನ್ನು ಕ್ಯಾಮರಾದಲ್ಲಿ ತೋರಿಸಿದ. ಕಿಟಕಿಯಲ್ಲಿ ಒಣಗಲು ಹಾಕಿದ್ದ ಎರಡು ಟವೆಲ್ಲುಗಳ ಹೊರತು ಏನೂ ಇರಲಿಲ್ಲ. ಡ್ರೈವಿಂಗ್ ಶಾಲೆಯ ಕಾರಿನ ಧೂಳು ಹಿಡಿದ ಗಾಜಿನ ಮೇಲೆ ಯಾರೋ ಬೆರಳಿನಿಂದ ‘ಹತ್ತಿರ ಬರಬೇಡಿ’ ಎಂದು ಬರೆದರು.

ಕಿರಿಯವಳು ಮನೆಗೆ ಬರುತ್ತ ಅದನ್ನು ಓದಿದಳು. ಉರಿಯುತ್ತಿದ್ದ ಎದೆಗೆ ತಣ್ಣೀರು ಸುರಿದಂತೆ ಹಾಯೆನಿಸಿತು. ಇರಲಿ, ಅಕ್ಕನಿಗೂ ಗೊತ್ತಾಗಲಿ ಎಂದುಕೊಂಡಳು. ಹಾಲು, ಬ್ರೆಡ್ಡು ಕೊಂಡು ಮೂರನೇ ಮಹಡಿಗೆ ಹತ್ತಿ, ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಗಂಟೆ ಒತ್ತಿ, ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಿಳಿದಳು. ಬೇಕೆಂದೇ ಸಪ್ಪಳ ಮಾಡಿಕೊಂಡು ಇಳಿದಳು. ಮೇಲಿನಿಂದ ಅಕ್ಕ ಒಮ್ಮೆ ಕರೆದಳು. ಇವಳು ಓಗೊಡಲಿಲ್ಲ. ಆ ರಾತ್ರಿ ಅವಳಿಗೆ ಒಳ್ಳೇ ನಿದ್ದೆ ಬಂತು.

ಮಾರನೆಯ ಸಂಜೆ ಬಟ್ಟೆ ಒಗೆಯಲೆಂದು ಬಚ್ಚಲಿಗೆ ಹೋದಾಗ ಗಾಳಿಗೂಡಿನಿಂದ ಸದ್ದು ಇಳಿದು ಬಂತು. ಆ ಕಟ್ಟಡದ ಬಚ್ಚಲುಗಳಿಗೆಲ್ಲ ಒಂದೇ ಗಾಳಿಗೂಡು, ಮೇಲಿನಿಂದ ಕೆಳಗಿನವರೆಗೆ ಗಾಳಿಯಾಡಲು ಬಿಟ್ಟ ಸಂದು. ಮೂರನೇ ಮಹಡಿಯಲ್ಲಿ ಸೀನಿದರೆ ಮೊದಲನೆಯದರಲ್ಲಿ ಕೇಳುತ್ತಿತ್ತು. ಅಳು ಇರಬೇಕೆಂದು ಅವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಅಳುವಲ್ಲ. ಅಕ್ಕ ನಗುತ್ತಿದ್ದಳು.

“ಮೋಸ ಮಾಡ್ತೀರಿ ನೀವು! ಆ ಎಲೆ ಈಗ ತಾನೇ ಕೆಳಗಿಟ್ರಿ.”

ಭಾವ ಏನೋ ಅಂದ, ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಅಕ್ಕ ಬೈಯುತ್ತ ಅವನ ಬೆನ್ನು ತಟ್ಟುವ ಸದ್ದು ಕೇಳಿತು. ಬರುವವರಿಲ್ಲ, ಹೋಗುವವರಿಲ್ಲ, ಶಾಲೆಯಿಲ್ಲ, ಶಿಷ್ಯರಿಲ್ಲ. ಇಬ್ಬರೂ ಮಂಚದ ಮೇಲೆ ಇಸ್ಪೀಟು ಹರಡಿಕೊಂಡು ಕೂತಿರಬೇಕು. ಮದುವೆಯಾದ ಹೊಸದರಲ್ಲೂ ಅಕ್ಕ ಹಾಗೆ ಬಿಚ್ಚಿ ನಕ್ಕಿದ್ದನ್ನು ಅವಳು ಕೇಳಿರಲಿಲ್ಲ.

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕಿರಿಯವಳು ಬಕೆಟ್ಟಿನ ಪಕ್ಕ ಕುಕ್ಕರಿಸಿದಳು. ತನಗಾದದ್ದೇ ಅಕ್ಕನಿಗೂ ಆಗಲಿ ಎಂದು ಊರ ಬಾಗಿಲನ್ನೆಲ್ಲ ಮುಚ್ಚಿಸಿದ್ದಳು. ಮುಚ್ಚಿದ ಬಾಗಿಲ ಒಳಗೆ ಅಲ್ಲಿ ಇಬ್ಬರಿದ್ದಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಗಂಡ ಹೋದಾಗ ಈ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಹೊಟ್ಟೆಯೊಳಗಿನ ಬೆಂಕಿಗೆ ಯಾರೋ ತುಪ್ಪ ಸುರಿದಂತಾಯಿತು. ಬಟ್ಟೆಯನ್ನು ಅಲ್ಲೇ ಬಿಸಾಕಿ, ಕೈ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿದಳು.

ಈ ಸಲ ಗಂಟೆ ಒತ್ತಿ ನಿಂತೇ ಇದ್ದಳು. ಅಕ್ಕ ಮಾಸ್ಕು ಹಾಕಿಕೊಂಡು ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಕಣ್ಣಲ್ಲಿ ನಗು ಇನ್ನೂ ಆರಿರಲಿಲ್ಲ. ಇವಳನ್ನು ಕಂಡದ್ದೇ ಆರಿತು.

“ಲಿಫ್ಟಲ್ಲಿ ನೀನು ಹೇಳಿದ್ದು ಅಂತ ಗೊತ್ತು,” ಎಂದಳು ಅಕ್ಕ. “ಆಕೆ ಫೋನು ಮಾಡಿ ಮೊದ್ಲು ಹೇಳಿದ್ದೇ ಅದು. ನಿಮ್ಮ ತಂಗೀನೇ ಹೇಳಿದ್ಳು ಅಂತ.”

ಕಿರಿಯವಳು ಇಲ್ಲ ಎನ್ನಲಿಲ್ಲ. ಕ್ಷಮಿಸು ಎಂದೂ ಅನ್ನಲಿಲ್ಲ. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಹೇಳಿದಳು:

“ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಕಣೇ ಅಕ್ಕ.”

“ಉರೀಲಿ,” ಎಂದಳು ಅಕ್ಕ. “ನನ್ನ ಗಂಡ ಇದಾನೆ, ನಿನ್ನ ಗಂಡ ಇಲ್ಲ. ಉರೀದೆ ಇನ್ನೇನಾಗುತ್ತೆ? ನನಗಾದ್ರೂ ಉರೀತಿತ್ತು.”

ಒಳಗಿನಿಂದ ಭಾವ, ಯಾರು ಬಂದದ್ದು ಎಂದು ಕೂಗಿದ. ಅಕ್ಕ ಉತ್ತರ ಕೊಡದೆ ಹೊರಗೆ ಬಂದು, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು, ಗೋಡೆಗೆ ಒರಗಿ ನಿಂತಳು. ಆಮೇಲೆ ಇಷ್ಟು ವರ್ಷ ಆಡದೇ ಇದ್ದ ಮಾತು ಆಡಿದಳು. ಕಿರಿಯವಳ ಗಂಡನನ್ನು ಒಯ್ಯುವ ದಿನ ಭಾವ ಅವಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತೇನೆಂದು ಹೊರಟಿದ್ದನಂತೆ. ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದನಂತೆ.

“ನಾನೇ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಬಚ್ಚಿಟ್ಟೆ. ಬೈದ್ರು, ಬೇಡಿಕೊಂಡ್ರು, ಕೊಡ್ಲಿಲ್ಲ. ಇವರಿಗೂ ಏನಾದ್ರೂ ಆದ್ರೆ ಅಂತ. ಮತ್ತೆ ಅಂಥ ದಿನ ಬಂದ್ರೆ ಬೇರೆ ಏನಾದ್ರೂ ಮಾಡ್ತೀನಿ ಅಂತ ಸುಳ್ಳು ಹೇಳೋಕಾಗಲ್ಲ ನಂಗೆ.”

ಒಬ್ಬನಾದರೂ ಬರಲು ಹೊರಟಿದ್ದ ಎಂಬುದು ಕಿರಿಯವಳಿಗೆ ಸಮಾಧಾನ ತರಬೇಕಿತ್ತು. ತಂದದ್ದು ಇನ್ನಷ್ಟು ಸಂಕಟ. ಅಂಥ ಗಂಡನೂ ಅಕ್ಕನಿಗೇ ಸಿಕ್ಕಿದನಲ್ಲ ಎನಿಸಿತು. ಅವಳೂ ಅದೇ ಗೋಡೆಗೆ ಒರಗಿದಳು. ಕೊನೆಗೆ ಅಕ್ಕ, ನಾಳೆ ಹಾಲು ತರುವುದಾದರೆ ಬಾಗಿಲಲ್ಲಿ ನೇತುಹಾಕಿ ಓಡಬೇಡ, ಕೈಗೇ ಕೊಟ್ಟು ಹೋಗು ಎಂದು ಹೇಳಿ ಒಳಗೆ ಹೋದಳು.

ವಾರ ಕಳೆಯಿತು. ಭಾವ ಹುಷಾರಾಗಿ ಕೆಳಗಿಳಿದು ಬಂದು ಕಾರಿನ ಗಾಜು ಒರೆಸಿದ. ಟೀವಿಯಲ್ಲಿ ಯಾವುದೋ ಸಿನಿಮಾ ನಟಿಯ ವಿಚ್ಛೇದನದ ಸುದ್ದಿ ಹೊಸ ತಳಿಯನ್ನು ಪಕ್ಕಕ್ಕೆ ತಳ್ಳಿತ್ತು. ಗುಂಪಿನಲ್ಲಿ ಮತ್ತೆ ನಗು ಶುರುವಾಯಿತು. ಮೇಷ್ಟ್ರು ಕೊರೊನಾಗೂ ಬ್ರೇಕು ಹಾಕಿದರು ಎಂದು ಯಾರೋ ಬರೆದರು. ಮಾವನ ಮನೆಗೆ ಹೋಗಿದ್ದವರು ಮರಳಿದರು. ಶಿಷ್ಯರೂ ಬಂದರು, ಎಲ್ಲರೂ ಬರಲಿಲ್ಲ. ಡಂಗುರ ಮಾತ್ರ ತಾನು ಯಾರಿಗೂ ಹೇಳಿಯೇ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ತಿರುಗಿದಳು.

ಅಕ್ಕ ತನ್ನ ಮನೆಯ ಕೀಲಿಕೈಯನ್ನು ಕಿರಿಯವಳಿಂದ ವಾಪಸು ಕೇಳಿದಳು. ಕಾರಣ ಹೇಳಲಿಲ್ಲ, ಇವಳು ಕೇಳಲಿಲ್ಲ. ಗೊಂಚಲಿನಿಂದ ಬಿಡಿಸಿ ಕೊಟ್ಟಳು. ಭಾನುವಾರದ ಊಟವೂ ನಿಂತಿತು.

ಅದಾದ ಕೆಲವೇ ದಿನಕ್ಕೆ ಕಿರಿಯವಳಿಗೆ ಜ್ವರ ಬಂತು. ಅದು ಹೊಸದೋ ಹಳೆಯದೋ ಬರೀ ನೆಗಡಿಯೋ ಯಾರೂ ಪರೀಕ್ಷಿಸಲಿಲ್ಲ. ಊರಿಗೆ ಆ ಕುತೂಹಲ ಮುಗಿದಿತ್ತು. ಅಂಗಡಿಗೆ ಬರುವುದಿಲ್ಲ ಎಂದು ಮಾಲೀಕರಿಗೆ ತಿಳಿಸಿ ಮುಸುಕು ಹೊದ್ದು ಮಲಗಿದಳು. ಯಾರಿಗೂ ಹೇಳಲಿಲ್ಲ. ಆದರೂ ಮಧ್ಯಾಹ್ನ ಕೀಲಿಕೈ ತಿರುಗಿದ ಸದ್ದಾಯಿತು. ಅವಳ ಮನೆಯ ಕೀಲಿಕೈ ಇನ್ನೂ ಅಕ್ಕನ ಹತ್ತಿರವೇ ಇತ್ತು. ಅಕ್ಕ ಬಂದವಳೇ ಕಿಟಕಿ ತೆರೆದಳು, ಬಚ್ಚಲಿನಿಂದ ನಿನ್ನ ಕೆಮ್ಮು ಕೇಳಿತು ಎಂದಳು, ಸೂಪು ಕಾಯಿಸಿದಳು. ಉಪ್ಪು ಜಾಸ್ತಿಯಾಯಿತು ಎಂದು ಕಿರಿಯವಳು ಮುಖ ಸಿಂಡರಿಸಿದಳು. ಜ್ವರದ ನಾಲಿಗೆಗೆ ಏನು ಗೊತ್ತು, ಸುಮ್ಮನೆ ಕುಡಿ ಎಂದು ಅಕ್ಕ ಗದರಿದಳು. ಗದರುತ್ತಲೇ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

ಕೂತು ಸ್ವಲ್ಪ ಹೊತ್ತಾಗಿರಬೇಕು, ಅವಳ ಫೋನು ಹೊಡೆದುಕೊಂಡಿತು. ಭಾವ. ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದುದು ಮಂಚಕ್ಕೂ ಕೇಳಿಸಿತು. ಅಕ್ಕ ಹೇಳಿದಳು. ಮತ್ತೆ ಹೊಡೆದುಕೊಂಡಿತು, ಅಲ್ಲಿ ಇಲ್ಲವಂತೆ. ಮೂರನೇ ಸಲ ಹೊಡೆದುಕೊಂಡಾಗ ಕಿರಿಯವಳು ಗೋಡೆಯ ಕಡೆ ತಿರುಗಿ ಮಲಗಿದಳು. ಒಂದು ಡಬ್ಬಿಗಾಗಿ ಇಷ್ಟು ಸಲ ಕರೆಯುವವನೊಬ್ಬ ಅಕ್ಕನಿಗೆ ಇದ್ದಾನೆ ಎಂದು ಎದೆಯೊಳಗೆ ಅದೇ ಹಳೇ ಉರಿ ಎದ್ದಿತು.

“ಹೋಗಕ್ಕ ನೀನು ಮೇಲೆ,” ಎಂದಳು. “ಅವರಿಗೆ ಸಿಗ್ತಿಲ್ಲ.”

ಅಕ್ಕ ಫೋನಿನ ಸದ್ದು ಅಡಗಿಸಿ ಮಂಚದ ಕೆಳಗೆ ಇಟ್ಟಳು. ಕುರ್ಚಿಯಿಂದ ಏಳಲಿಲ್ಲ.

“ಹುಡುಕ್ಲಿ ಬಿಡು,” ಎಂದಳು.