ಮುನ್ನೂರ ನಲವತ್ತನೇ ಸಾಲು

ಅಮ್ಮನ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಇರಲಿಲ್ಲ. ಮೂವತ್ತೊಂದು ವರ್ಷ ಒಂದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳ ಡ್ರಾಯರಿನಲ್ಲಿ ಕಾರ್ಬನ್ ಹಾಳೆ, ಗುಂಡುಸೂಜಿ, ತಲೆನೋವಿನ ಮಾತ್ರೆ, ಒಂದು ಮರದ ಸ್ಕೇಲು ಎಲ್ಲ ಇದ್ದವು. ರಬ್ಬರ್ ಬೇಕಾಗಿರಲಿಲ್ಲ, ಅಷ್ಟೆ. ಕಚೇರಿಯವರು ಬೆನ್ನ ಹಿಂದೆ ಅವಳನ್ನು 'ತಪ್ಪಿಲ್ಲದಮ್ಮ' ಎನ್ನುತ್ತಿದ್ದರು. ಹೊಗಳಿಕೆಯೋ ಚುಚ್ಚುಮಾತೋ, ಅಂದವರಿಗೇ ಗೊತ್ತಿದ್ದಂತಿರಲಿಲ್ಲ. ನಿವೃತ್ತಿಯಾದ ಮೇಲೂ ಚಾಳಿ ಹೋಗಲಿಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರು ನೋಡುವ ಮೊದಲೇ ಕೆಂಪು ಪೆನ್ಸಿಲ್ ಹುಡುಕುತ್ತಿದ್ದಳು. ಲಿಫ್ಟಿನೊಳಗಿನ ಸೂಚನೆಯನ್ನೂ ತಿದ್ದಿದ್ದಳು.

ಇಂಥವಳ ಮುಂದೆ ಹೋಗಿ 'ಅಮ್ಮಾ, ನಿನ್ನದೊಂದು ತಪ್ಪು ಸಿಕ್ಕಿದೆ' ಎನ್ನಲು ಯಾರಿಗೆ ಬಾಯಿ ಬಂದೀತು? ಮಗಳು ಮೂರು ದಿನದಿಂದ ಆ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಮಗಳಿಗೆ ಕೆಲಸ ಹಳೆಯ ಕಂಪ್ಯೂಟರ್ ಆಟಗಳ ಸಂಗ್ರಹಾಲಯದಲ್ಲಿ. ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಎರಡು ಬಿಳಿ ಗೆರೆಗಳ ನಡುವೆ ಚುಕ್ಕೆಯೊಂದು ಪುಟಿಯುವ ಮೊದಮೊದಲ ಆಟದಿಂದ ಹಿಡಿದು ಟೆಟ್ರಿಸ್‌ವರೆಗೆ, ಅಂಗೈಯಗಲದ ಮೀನು ಹಿಡಿಯುವ ಆಟದಿಂದ ಹಿಡಿದು, ಚಿತ್ರವೇ ಇಲ್ಲದೆ ಬರೀ ಮಾತಿನಲ್ಲಿ ನಡೆಯುವ ಪತ್ತೇದಾರಿ ಆಟದವರೆಗೆ ಎಲ್ಲವೂ ಅಲ್ಲಿದ್ದವು. ಹೆಸರುವಾಸಿ ಆಟಗಳ ಮುಂದೆ ಸದಾ ಜನ. ಯಾರಿಗೂ ನೆನಪಿಲ್ಲದ ಆಟಗಳನ್ನು ಕಂಡರೆ ಮಗಳಿಗೆ ಪ್ರೀತಿ. ಅವುಗಳ ಧೂಳು ಒರೆಸಿ, ಸತ್ತ ತಂತಿ ಬದಲಿಸಿ, ಮತ್ತೆ ಉಸಿರಾಡುವಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ.

ಈ ಶನಿವಾರ ತೆರೆಯಲಿದ್ದ ಪ್ರದರ್ಶನ 'ಟೈಪ್ ಮಾಡಿ ಆಡಿದ ಆಟಗಳು'. ಒಂದು ಕಾಲಕ್ಕೆ ಆಟಗಳು ಪತ್ರಿಕೆಯ ಪುಟಗಳಲ್ಲಿ ಅಚ್ಚಾಗಿ ಬರುತ್ತಿದ್ದವು. ಸಾಲುಸಾಲು ಅಕ್ಷರ, ಅಂಕಿ. ಆಡಬೇಕೆಂದರೆ ಅಷ್ಟನ್ನೂ ಕೂತು ಟೈಪ್ ಮಾಡಬೇಕು, ಮಾಡಿದ್ದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬೇಕು. ಮಗಳಿಗೆ ಒಂಬತ್ತು, ತಮ್ಮನಿಗೆ ಆರು ವರ್ಷವಾಗಿದ್ದಾಗ ಅಮ್ಮ ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ಹಾಗೆ ಒಂದು ಆಟ ಟೈಪ್ ಮಾಡಿಕೊಟ್ಟಿದ್ದಳು. ಕಚೇರಿಯಿಂದ ಬಂದು, ಮುಖ ತೊಳೆದು, ಸಾಲಿನ ಕೆಳಗೆ ಮರದ ಸ್ಕೇಲಿಟ್ಟು, ಹನ್ನೊಂದು ಸಂಜೆ. ಕೈದೀಪ ಹಿಡಿದು ಗುಹೆಯೊಂದನ್ನು ಸುತ್ತುವ ಆಟ ಅದು. ಅಕ್ಕ ತಮ್ಮ ಸೇರಿ ಒಂದಿಡೀ ರಜೆ ಅದರೊಳಗೆ ಅಲೆದಿದ್ದರು. ಅಮ್ಮ ತಂದುಕೊಟ್ಟ ಹಳೆಯ ಕಾರ್ಬನ್ ಪ್ರತಿಗಳ ಬೆನ್ನಿಗೆ ನಕ್ಷೆ ಬರೆದಿದ್ದರು.

ಆ ಕ್ಯಾಸೆಟ್ಟನ್ನೇ ಪ್ರದರ್ಶನದ ನಡುಮಧ್ಯೆ ಇಡುವುದೆಂದು ಮಗಳು ಹಟ ಹಿಡಿದಿದ್ದಳು. ಜೊತೆಗೊಂದು ತೆಳು ರಟ್ಟಿನ ಫಲಕವನ್ನೂ ಅಚ್ಚು ಹಾಕಿಸಿದ್ದಳು: 'ವೃತ್ತಿಯಿಂದ ಟೈಪಿಸ್ಟ್ ಆಗಿದ್ದ ತಾಯಿಯೊಬ್ಬರು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ ಆಟ.' ಆಮೇಲೆ ಯಾರೋ ಪುಣ್ಯಾತ್ಮರು ಆ ಆಟ ಅಚ್ಚಾಗಿದ್ದ ಹಳೆಯ ಪತ್ರಿಕೆಯನ್ನು ಕಳಿಸಿಕೊಟ್ಟರು. ಹೋಲಿಸಿ ನೋಡಿದಳು.

ಮುನ್ನೂರ ನಲವತ್ತನೇ ಸಾಲು. ಪ್ರತಿ ಹೆಜ್ಜೆಗೂ ದೀಪದ ಎಣ್ಣೆಯಲ್ಲಿ ಒಂದನ್ನು ಕಳೆಯಬೇಕು ಎನ್ನುವ ಸಾಲು. ಅಮ್ಮ ಅಲ್ಲಿ ಒಂದು ಎಂಬ ಅಂಕಿಯ ಬದಲು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಒತ್ತಿದ್ದಳು. ಕಣ್ಣಿಗೆ ಎರಡೂ ಒಂದೇ ಗೆರೆ. ಬೇರೆ ಸಾಲಿನಲ್ಲಾಗಿದ್ದರೆ ಯಂತ್ರ ಅಲ್ಲೇ ನಿಂತು ತಪ್ಪು ತಪ್ಪು ಎಂದು ಕೂಗುತ್ತಿತ್ತೇನೋ. ಇಲ್ಲಿ ಅದು, ತನಗೆ ಗೊತ್ತಿಲ್ಲದ ಅಕ್ಷರದ ಬೆಲೆ ಸೊನ್ನೆ ಎಂದುಕೊಂಡು ಸುಮ್ಮನೆ ಮುಂದೆ ಹೋಗಿತ್ತು. ಹೆಜ್ಜೆಗೆ ಸೊನ್ನೆ ಎಣ್ಣೆ. ಪತ್ರಿಕೆಯ ಆಟದಲ್ಲಿ ಅರವತ್ತು ಹೆಜ್ಜೆಗೆ ದೀಪ ಆರುತ್ತದೆ, ಆಟ ಮುಗಿಯುತ್ತದೆ. ಅವರ ಮನೆಯ ದೀಪ ಆರಲೇ ಇಲ್ಲ.

ಸಂಗ್ರಹಾಲಯದ ಮೇಲ್ವಿಚಾರಕರು ಕೆಟ್ಟವರಲ್ಲ, ಎಲ್ಲವೂ ಅಳತೆಗೆ ಸರಿಯಾಗಿರಬೇಕು ಎನ್ನುವ ಪೈಕಿ. "ನೋಡಮ್ಮ, ಜನಕ್ಕೆ ನಿಜವಾದ ಆಟ ತೋರಿಸ್ಬೇಕು. ಆ ಸಾಲನ್ನ ಸರಿ ಮಾಡ್ಬಿಡು," ಎಂದರು. "ಹಾಗೇ ಇಡೋದಾದ್ರೆ ಫಲಕದಲ್ಲಿ ತಪ್ಪಿದೆ ಅಂತ ಬರಿ. ಎರಡರಲ್ಲಿ ಒಂದು. ಶುಕ್ರವಾರದೊಳಗೆ ಹೇಳು."

ಸದ್ದಿಲ್ಲದೆ ಸರಿ ಮಾಡಿಬಿಟ್ಟರೆ ಅಮ್ಮನ ಮಾನ ಉಳಿಯುತ್ತಿತ್ತು, ಆದರೆ ತಾವು ಆಡಿದ ಗುಹೆ ಉಳಿಯುತ್ತಿರಲಿಲ್ಲ. ಹಾಗೇ ಇಟ್ಟರೆ ಇಡೀ ಊರಿನ ಮುಂದೆ ಅಮ್ಮನ ತಪ್ಪಿಗೆ ಚೌಕಟ್ಟು ಹಾಕಿದಂತೆ. ಮಗಳು ಮೀನ ಮೇಷ ಎಣಿಸುತ್ತಲೇ ಶುಕ್ರವಾರದ ಬೆಳಿಗ್ಗೆಯಾಯಿತು. ಕೊನೆಗೆ ಅಮ್ಮನನ್ನೇ ಕರೆದುಕೊಂಡು ಬಂದಳು.

ಅಮ್ಮ ಬಂದವಳೇ ಬಾಗಿಲಿನಿಂದಲೇ ಕೆಲಸ ಶುರು ಮಾಡಿದಳು. ಮೊದಲ ಕೋಣೆಯಲ್ಲಿ ಎರಡು ಅಕ್ಷರದೋಷ, ಎರಡನೆಯದರಲ್ಲಿ ಒಂದು. ಕಾರಿನ ಆಟದ ಫಲಕದಲ್ಲಿ ಒಂದು ಪದ ಎರಡು ಸಲ ಬಂದಿತ್ತು.

"ಇದನ್ನ ಯಾರು ಮಾಡಿದ್ದು?" ಎಂದು ಕೇಳಿದಳು.

"ನಾನೇ ಅಮ್ಮ."

"ಕಣ್ಣು ಎಲ್ಲಿಟ್ಟಿದ್ದೆ?"

ಮಗಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಒಳಕೋಣೆಯಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಪತ್ರಿಕೆಯ ಪುಟವನ್ನೂ ಕ್ಯಾಸೆಟ್ಟಿನಿಂದ ಅಚ್ಚು ತೆಗೆದ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟಳು. ಬೆರಳು ಮಾಡಿ ತೋರಿಸಲು ಧೈರ್ಯ ಬರಲಿಲ್ಲ. "ಮುನ್ನೂರ ನಲವತ್ತು ನೋಡು," ಎಂದಳಷ್ಟೆ.

ಅಮ್ಮ ಕೈಚೀಲದಿಂದ ಅದೇ ಮರದ ಸ್ಕೇಲು ತೆಗೆದು ಸಾಲಿನ ಕೆಳಗಿಟ್ಟಳು. ಪತ್ರಿಕೆ ನೋಡಿದಳು, ಹಾಳೆ ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಮಗಳಿಗೆ, ಯಾಕಾದರೂ ತೋರಿಸಿದೆನೋ ಅನ್ನಿಸಿತು.

"ಎಲ್ ಒತ್ತಿದೀನಿ," ಎಂದಳು ಅಮ್ಮ. "ನಮ್ಮ ಇಂಗ್ಲಿಷ್ ಟೈಪ್‌ರೈಟರ್‌ನಲ್ಲಿ ಒಂದಕ್ಕೆ ಕೀ ಇರ್ಲಿಲ್ಲ ಕಣೆ. ಒಂದು ಬೇಕು ಅಂದ್ರೆ ಎಲ್ ಒತ್ತೋದು. ಕಂಪ್ಯೂಟರಲ್ಲಿ ಹಾಗೆ ಮಾಡ್ಬಾರ್ದು ಅಂತ ಮೊದಲನೇ ಸಂಜೆನೇ ಗೊತ್ತಾಯ್ತು. ಜ್ಞಾಪಕ ಇಟ್ಕೊಂಡೇ ಮಾಡ್ತಿದ್ದೆ. ಇಲ್ಲಿ ಕೈ ಹಳೇ ದಾರಿಗೆ ಹೋಗ್ಬಿಟ್ಟಿದೆ."

ಮಗಳು ರಾತ್ರಿಯೇ ಯೋಚಿಸಿಟ್ಟುಕೊಂಡಿದ್ದ ಮಾತನ್ನು ಹೊರತೆಗೆದಳು. "ಅಮ್ಮ, ತಮ್ಮನಿಗೆ ಆಗ ಕತ್ತಲೆ ಅಂದ್ರೆ ಪ್ರಾಣಭಯ ಅಲ್ವಾ? ದೀಪ ಆರಿದ್ರೆ ಹೆದರ್ಕೊಳ್ತಾನೆ ಅಂತ ನೀನೇ ಬೇಕಂತ ಹಾಗೆ ಮಾಡಿದೆ. ಹಾಗಂತ ಬರೀತೀನಿ. ಯಾರಿಗೆ ಗೊತ್ತಾಗುತ್ತೆ?"

ಅಮ್ಮ ತಲೆಯೆತ್ತಿ ನೋಡಿದ ನೋಟಕ್ಕೆ ಮಗಳು ಮತ್ತೆ ಒಂಬತ್ತರವಳಾದಳು.

"ನನಗೆ ಗೊತ್ತಾಗುತ್ತೆ. ಇಲ್ಲದ ಬುದ್ಧಿವಂತಿಕೆ ನನ್ನ ತಲೆಗೆ ಕಟ್ಟಬೇಡ. ಈ ಆಟದಲ್ಲಿ ಏನಿದೆ ಅಂತ ನನಗೆ ತಲೆಬುಡ ತಿಳೀತಿರ್ಲಿಲ್ಲ. ದೀಪವೋ, ಎಣ್ಣೆಯೋ, ನನ್ನ ಪಾಲಿಗೆ ಅದೊಂದು ಸಾಲು. ತಪ್ಪು ಮಾಡಿದೀನಿ, ತಪ್ಪು ಅಂತಲೇ ಇರ್ಲಿ." ದನಿ ಗಟ್ಟಿಯಾಗಿತ್ತು.

ಸ್ಕೇಲನ್ನು ಕೈಚೀಲಕ್ಕೆ ಹಾಕಿ ಅಮ್ಮ, "ಸರಿಯಾಗಿದ್ದಿದ್ರೆ ಹೇಗಿರ್ತಿತ್ತು? ತೋರ್ಸು," ಎಂದಳು.

ಮಗಳು ಬೇರೊಂದು ಕ್ಯಾಸೆಟ್ಟಿಗೆ ಪ್ರತಿ ಮಾಡಿ, ಆ ಪ್ರತಿಯಲ್ಲಿ ಸಾಲನ್ನು ತಿದ್ದಿ, ಆಟ ಹಚ್ಚಿದಳು. ಹಸಿರು ಅಕ್ಷರಗಳು ಮೂಡಿದವು. ಅಮ್ಮ ಎರಡೂ ಕೈಯ ಬೆರಳುಗಳನ್ನು ಇಡಬೇಕಾದ ಜಾಗದಲ್ಲೇ ಇಟ್ಟು, ಬೆನ್ನು ನೇರ ಮಾಡಿ ಕೂತು, ಉತ್ತರ, ಪೂರ್ವ, ಕೆಳಗೆ ಎಂದು ಮಗಳು ಹೇಳಿದಂತೆ ಒತ್ತುತ್ತ ಹೋದಳು. ಬಾವಲಿಗಳ ಕೋಣೆ ದಾಟಿದರು, ಕಲ್ಲಿನ ಮೆಟ್ಟಿಲು ಇಳಿದರು. ನೆಲದಡಿಯ ಹೊಳೆಯ ದಡಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ದೀಪ ಆರಿದೆ, ಆಟ ಮುಗಿದಿದೆ ಎಂಬ ಒಂದು ಸಾಲು.

"ಇಷ್ಟೇನಾ?" ಎಂದಳು ಅಮ್ಮ.

"ಇಷ್ಟೇ. ನಮ್ಮಿಬ್ಬರನ್ನ ಬಿಟ್ರೆ ಹೊಳೆ ದಾಟಿದೀನಿ ಅನ್ನೋರು ಇದುವರೆಗೂ ನನಗೆ ಒಬ್ಬರೂ ಸಿಕ್ಕಿಲ್ಲ."

"ಇಷ್ಟಕ್ಕಾ ನಾನು ಹನ್ನೊಂದು ಸಂಜೆ ಕೂತಿದ್ದು?" ಅಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ನೀವಿಬ್ರೂ ರಜೆ ಪೂರ್ತಿ ಅದರ ಮುಂದೇನೇ ಕೂತಿದ್ರಲ್ಲೇ. ಊಟಕ್ಕೆ ಹತ್ತು ಸಲ ಕರೀಬೇಕಿತ್ತು. ಹೊಳೆ ಆಚೆ ಏನಿತ್ತು?"

ಮಗಳು ಹೇಳಿದಳು. ಹೊಳೆಯಾಚೆ ನಲವತ್ತೆರಡು ಕೋಣೆಗಳಿದ್ದವು. ಒಂದರಲ್ಲಿ ಗಡಿಯಾರಗಳು, ಒಂದರಲ್ಲಿ ನಿದ್ದೆ ಹೋದ ಆನೆ, ಒಂದರಲ್ಲಿ ಏನೂ ಇಲ್ಲ. ಕಟ್ಟಕಡೆಯದರಲ್ಲಿ ಮೇಲಕ್ಕೊಂದು ಏಣಿ. ಹತ್ತಿದರೆ ಬಯಲು, ಬಿಸಿಲು. ಏಣಿ ಸಿಕ್ಕಿದ ದಿನ ಕುರ್ಚಿಯ ಮೇಲೆ ನಿಂತು ತಮ್ಮ ಕುಣಿದಿದ್ದ. ಕತ್ತಲೆಗೆ ಹೆದರುತ್ತಿದ್ದ ಆ ತಮ್ಮ ಈಗ ಸುರಂಗದ ರೈಲು ಓಡಿಸುತ್ತಾನೆ. ಅಮ್ಮ ಕೈ ಕಟ್ಟಿಕೊಂಡು, ಕಪ್ಪು ಪರದೆಯನ್ನೇ ನೋಡುತ್ತ ಕೇಳಿಸಿಕೊಂಡಳು.

"ಇಲ್ಲೆಲ್ಲಾದ್ರೂ ಟೈಪ್‌ರೈಟರ್ ಇದೆಯಾ?" ಎಂದಳು ಆಮೇಲೆ.

ಇತ್ತು, ಕನ್ನಡದ್ದೊಂದನ್ನು ಅಲಂಕಾರಕ್ಕೆಂದು ಕಿಟಕಿಯ ಬಳಿ ಇಟ್ಟಿದ್ದರು. ರಿಬ್ಬನ್ ಒಣಗಿರಲಿಲ್ಲ. ಅಮ್ಮ ಮಗಳ ಫಲಕವನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಎರಡು ಸಾಲು ಹೊಡೆದು, ಎಡಮೂಲೆಯಲ್ಲಿ ಕಚೇರಿಯ ಕಾಗದಗಳಿಗೆ ಹಾಕುತ್ತಿದ್ದಂತೆ ತನ್ನ ಸಣ್ಣ ಸಹಿ ಹಾಕಿದಳು.

ಮೇಲ್ವಿಚಾರಕರು ಅದನ್ನು ಎರಡು ಸಲ ಓದಿದರು. 'ಸಾಲು 340ರಲ್ಲಿ ಟೈಪ್ ಮಾಡಿದವಳ ತಪ್ಪಿದೆ. ಯಾರೂ ತಿದ್ದಬಾರದು.'

"ತಪ್ಪಿದೆ ಅಂತ ನೀವೇ ಹೇಳ್ತೀರಿ, ತಿದ್ದಬೇಡಿ ಅಂತಲೂ ನೀವೇ ಹೇಳ್ತೀರಲ್ಲಮ್ಮ," ಎಂದು ತಲೆ ಕೆರೆದುಕೊಂಡರು.

"ಹೌದು. ನಿಮ್ಮ ಬೇರೆ ಫಲಕಗಳಲ್ಲಿ ನಾಲ್ಕಿವೆ, ಅವನ್ನ ತಿದ್ದಿ," ಎಂದಳು ಅಮ್ಮ. ಮೇಲ್ವಿಚಾರಕರು ಪೆನ್ನು ಹುಡುಕಿದರು.

ಶನಿವಾರ ಜನ ಬಂದರು. ತಮ್ಮನೂ ರಜೆ ಹಾಕಿ ಬಂದಿದ್ದ. ನಲವತ್ತು ದಾಟಿದ, ತಲೆ ನರೆತ ಗಂಡಸು ಆ ಪುಟ್ಟ ಯಂತ್ರದ ಮುಂದೆ ಮೊಣಕಾಲು ಮಡಚಿ ಕೂತು ಗುಹೆಗೆ ಇಳಿದ. ಸುತ್ತ ನಿಂತವರಿಗೆ ಅರವತ್ತು ಹೆಜ್ಜೆಯ ವಿಷಯ ಗೊತ್ತಾಗಿತ್ತು. ಯಾರೋ ಹೆಜ್ಜೆ ಎಣಿಸತೊಡಗಿದರು, ಉಳಿದವರು ದನಿಗೂಡಿಸಿದರು. ಮಗಳು ಅಮ್ಮನ ಕೈ ಹಿಡಿದು ಹಿಂದೆ ನಿಂತಿದ್ದಳು. ಐವತ್ತೆಂಟು, ಐವತ್ತೊಂಬತ್ತು. ಅಮ್ಮನ ಬೆರಳುಗಳು ಬಿಗಿಯಾದವು. ಅರವತ್ತು ಎಂದು ಎಲ್ಲರೂ ಬಾಯಿ ಮುಚ್ಚಿದರು. ಪರದೆಯ ಮೇಲೆ ಹೊಳೆ ಹರಿಯುತ್ತಿತ್ತು, ದೀಪ ಉರಿಯುತ್ತಿತ್ತು. ತಮ್ಮ ತಿರುಗಿ ಅಮ್ಮನನ್ನು ನೋಡಿ ಮತ್ತೊಂದು ಕೀ ಒತ್ತಿದ.

"ಅರವತ್ತೊಂದು," ಎಂದಳು ಅಮ್ಮ, ಎಲ್ಲರಿಗೂ ಕೇಳಿಸುವಂತೆ.