ಕುಮುದಿನಿಯ ಸುದ್ದಿ

ಕೊನೆಯ ಸಾಲು ಓದಿ ಸರ್ವಮಂಗಳಾ ಹಾಳೆ ತಿರುಗಿಸಿದಳು. ಮುಂದೆ ಕಥೆ ಇರಲಿಲ್ಲ. ಕೇಶತೈಲದ ಜಾಹೀರಾತು ಇತ್ತು. ಮೊಣಕಾಲಿನವರೆಗೆ ಜಡೆ ಇಳಿಬಿಟ್ಟ ಹೆಂಗಸೊಬ್ಬಳು ಸೀಸೆ ಹಿಡಿದುಕೊಂಡು ನಗುತ್ತಿದ್ದಳು. ಮತ್ತೆ ಹಿಂದಕ್ಕೆ ತಿರುವಿ ನೋಡಿದರೂ ಅಷ್ಟೆ: ಕುಮುದಿನಿ ಬಾವಿಗೆ ಹಾರಿದ್ದಳು, ಊರವರು ಹಗ್ಗ ತಂದಿದ್ದರು, ಕಥೆ ಮುಗಿದಿತ್ತು.

"ರೀ, ಇದರಲ್ಲಿ ಕೊನೇ ಹಾಳೆ ಯಾರೋ ಕಿತ್ತಿದಾರೆ."

ಬದರಿನಾಥ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕಿಟಕಿಯ ಕನ್ನಡಿಯ ಮುಂದೆ ನಿಂತಿದ್ದ. ಒಂದು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. "'ಮುಗಿಯಿತು' ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದಾರಲ್ಲೇ. ಇನ್ನೇನು ಬೇಕಿತ್ತು, ಮಂಗಳಾರತೀನಾ?"

"ಕುಮುದಿನಿ ಸಾಯೋಲ್ಲ ರೀ. ಬಾವಿ ತನಕ ಹೋಗ್ತಾಳೆ, ಕೊಡ ಅಲ್ಲೇ ಇಟ್ಟು ತಿರುಗ್ತಾಳೆ. ರೈಲು ಹತ್ತಿ ಊರು ಬಿಡ್ತಾಳೆ. ಹೊಲಿಗೆ ಶಾಲೆ ತೆಗೀತಾಳೆ. ಆಮೇಲೆ ಗಂಡ ಹುಡುಕ್ಕೊಂಡು ಬಂದಾಗ ಅಳತೆ ಟೇಪು ಕುತ್ತಿಗೇಲಿ ಹಾಕ್ಕೊಂಡೇ ಬಾಗಿಲಿಗೆ ಬಂದು, 'ಯಾರು ಬೇಕಿತ್ತು?' ಅಂತ ಕೇಳ್ತಾಳೆ. ಕಣ್ಣಿಗೆ ಕಟ್ಟಿದ ಹಾಗಿದೆ ನಂಗೆ."

"ಇದರಲ್ಲಿ ರೈಲಿಲ್ಲವಾ?"

"ಒಂದು ಸೀಟಿ ಕೂಡ ಇಲ್ಲ."

"ಹಾಗಾದ್ರೆ ಚಿಕ್ಕೋಳಿದ್ದಾಗ ನೀನು ಓದಿದ್ದು ಬೇರೆ ಪುಸ್ತಕ. ಆ ವಯಸ್ಸಲ್ಲಿ ನಾನು ಓದಿದ ಪತ್ತೇದಾರಿ ಕಾದಂಬರಿಗಳೆಲ್ಲ ಸೇರಿ ಈಗ ಒಂದೇ ಕೊಲೆ ಆಗಿಬಿಟ್ಟಿದೆ. ಕೊಂದೋನು ಯಾರು ಅನ್ನೋದೂ ಮರ್ತುಹೋಗಿದೆ."

ಆದರೆ ಪುಸ್ತಕ ಅದೇ. ಹಳದಿ ರಟ್ಟು, ಅದರ ಮೇಲೆ ಕುದುರೆಗಾಡಿ, ಗಾಡಿಯಿಂದ ಒಂದು ಕಾಲು ಕೆಳಗಿಟ್ಟ ಹೆಂಗಸು. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಒಂದು ತಿಂಗಳು ಅಲೆದು ಬದರಿನಾಥ ಇದನ್ನು ಹುಡುಕಿ ತಂದಿದ್ದ. ಸರ್ವಮಂಗಳಾ ಅದನ್ನು ತರಿಸಿದ್ದು ತನಗಾಗಿ ಅಲ್ಲ, ತನ್ನ ಸೋದರತ್ತೆ ಅಕ್ಕಯಮ್ಮನಿಗಾಗಿ. ಜಯನಗರದ ಮೂರನೇ ಬ್ಲಾಕಿನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಅಕ್ಕಯಮ್ಮ ಸುತ್ತಮುತ್ತಲ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಐವತ್ತು ದಾಟಿದ ಮೇಲೆ ಮಹಿಳಾ ಸಮಾಜದ ಮಧ್ಯಾಹ್ನದ ತರಗತಿಗೆ ಸೇರಿ ಅಕ್ಷರ ಕಲಿತಿದ್ದಳು. ಒತ್ತಕ್ಷರಗಳು ಕೈಗೆ ಹತ್ತಿದ ದಿನ ಬಂದು, "ಮಂಗಳಾ, ಆ ಕುದುರೆಗಾಡಿ ಪುಸ್ತಕ ಎಲ್ಲಾದ್ರೂ ಸಿಗುತ್ತಾ ನೋಡು. ನಾನಾಗಿ ಓದೋ ಮೊದಲನೇ ಕಥೆ ಅದೇ ಆಗ್ಬೇಕು" ಎಂದಿದ್ದಳು.

ಕೊಡುವ ಮೊದಲು ತಾನೊಮ್ಮೆ ಓದಿ ಸಂತೋಷಪಡೋಣವೆಂದು ಸರ್ವಮಂಗಳಾ ಕೂತಿದ್ದಳು. ಹದಿಮೂರರಲ್ಲಿ ಓದಿದ ಪುಸ್ತಕ. ಆಗ ಕುಮುದಿನಿಯ ಜೊತೆ ಅವಳು ನಡೆದಾಡಿದ್ದ ಮಾವಿನತೋಪು ಈಗ ಪುಸ್ತಕದಲ್ಲಿ ಒಂದೇ ಮಾತಿನಲ್ಲಿ ಮುಗಿದುಹೋಗಿತ್ತು. ಹುಲಿಯಂತೆ ಕಂಡಿದ್ದ ಗಂಡ ಉಬ್ಬಸದಿಂದ ನರಳುವ ಒಬ್ಬ ಪುಕ್ಕಲು ಮನುಷ್ಯ. ದಿಂಬು ಒದ್ದೆಯಾಗುವಂತೆ ಅತ್ತಿದ್ದ ಪುಟ ಬಂದಾಗ ಅವಳಿಗೆ ಆಕಳಿಕೆ ಬಂತು. ಅದೆಲ್ಲ ಇರಲಿ, ವಯಸ್ಸಿನದು ಎಂದುಕೊಳ್ಳಬಹುದು. ಕೊನೆಯನ್ನು ಮಾತ್ರ ಏನೆಂದುಕೊಳ್ಳುವುದು?

ಬದರಿನಾಥ ಆಫೀಸಿಗೆ ಹೊರಟ ಮೇಲೆ ಅವಳು ಪುಸ್ತಕ ಹಿಡಿದು ನಡುಮನೆಯಲ್ಲಿ ಕೂತಳು. ಬೆರಳು ತಾನಾಗಿ ಜಾಹೀರಾತಿನ ಹೆಂಗಸಿನ ಜಡೆಯ ಮೇಲೆ, ನೆತ್ತಿಯಿಂದ ಕುಚ್ಚಿನವರೆಗೆ ಇಳಿಯಿತು. ಮತ್ತೆ ನೆತ್ತಿಗೆ ಹೋಯಿತು. ಹಾಗೆ ಇಳಿಯುತ್ತಿರುವಾಗಲೇ ಅವಳಿಗೆ ತನ್ನ ಹಳೆಯ ದನಿ ಕೇಳಿಸಿತು.

ಸೌತ್ ಎಂಡಿನ ಆಚೆ ಆಗಿನ್ನೂ ಮನೆಗಳು ವಿರಳ. ಕೆಂಪು ಮಣ್ಣಿನ ದಾರಿ, ನಡುವೆ ರಾಗಿ ಹೊಲ. ಅವಳ ತಂದೆ ಗಂಗಾಧರಯ್ಯ ಸಂಜೆಯಾದರೆ ಕಾಲು ತೊಳೆದು, ವ್ಯಾಸಪೀಠದ ಮೇಲೆ ಪುರಾಣ ಬಿಚ್ಚಿ, ರಾಗವಾಗಿ ಓದುತ್ತಿದ್ದರು. ಬಾಗಿಲ ಹಿಂದೆ ಕೂತು ಕೇಳಿಯೇ ಅಕ್ಕಯಮ್ಮನಿಗೆ ನೂರಾರು ಪದ್ಯ ಬಾಯಿಗೆ ಬಂದಿದ್ದವು. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತಮ್ಮನ ಮನೆಯ ಅಡಿಗೆಮನೆ ಸೇರಿದವಳು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಸರ್ವಮಂಗಳಾ ಬಾಡಿಗೆಗೆ ತಂದ ಕಾದಂಬರಿಯನ್ನು ಅತ್ತೆಗೆ ಓದಿ ಹೇಳಬೇಕು. ಅದಕ್ಕೂ ಕಾಲು ತೊಳೆಯಬೇಕು, ಅದನ್ನೂ ವ್ಯಾಸಪೀಠದ ಮೇಲೆ ಇಡಬೇಕು. ಪತ್ತೇದಾರನಿಗೂ ಅದೇ ಮರ್ಯಾದೆ. ಬಿಳೇಕಹಳ್ಳಿಯಿಂದ ಸೊಪ್ಪು ತರುವ ಮುನಿವೆಂಕಟಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಕೇಳುತ್ತ ಕೂರುತ್ತಿದ್ದಳು. ಕುಮುದಿನಿಯ ಗಂಡನ ಹೆಸರು ಬಂದಾಗಲೆಲ್ಲ, "ಅವ್ನ ಕಾಲ್ ಸೇದೋಗಾ!" ಎನ್ನುವಳು.

ಇನ್ನೊಂದು ನೇಮವಿತ್ತು. ಯಾರಾದರೂ ಸತ್ತ ಜಾಗದಲ್ಲಿ ಪುಸ್ತಕ ಮುಚ್ಚಬಾರದು. ಹುಟ್ಟೋ, ಮದುವೆಯೋ, ಪಟ್ಟಾಭಿಷೇಕವೋ ಬರುವತನಕ ಓದಿಯೇ ನಿಲ್ಲಿಸಬೇಕು. ಪುರಾಣದಲ್ಲಿ ಒಳ್ಳೆಯದು ಬಂದೇ ಬರುತ್ತಿತ್ತು. ಈ ಪುಸ್ತಕದಲ್ಲಿ ಬರಲಿಲ್ಲ.

"ಮುಂದೆ ಓದು."

"ಮುಗೀತು ಅತ್ತೆ."

"ಇಲ್ಲಿ ನಿಲ್ಲಿಸಬಾರದು ಕಣೇ ಮಗು. ಮುಂದೆ ಓದು."

ಹಾಳೆ ತಿರುಗಿಸಿದರೆ ಜಡೆಯ ಹೆಂಗಸು. ಸರ್ವಮಂಗಳಾ ಅವಳ ಮೇಲೆ ಬೆರಳಿಟ್ಟುಕೊಂಡು ಮುಂದೆ ಓದಿದಳು. ಬಾವಿಯಿಂದ ಮೇಲೆ ಬಂದಳು ಎಂದರೆ ಅತ್ತೆ ನಂಬುವುದಿಲ್ಲ. ಹಾರಿದಂತೆ ಕುಮುದಿನಿ ಕಂಡದ್ದು ಕನಸು, ಎದ್ದವಳು ಕೊಡವನ್ನು ಕಟ್ಟೆಯ ಮೇಲೆ ಬಿಟ್ಟು ರೈಲಿಗೆ ನಡೆದಳು. ಮಹಿಳಾ ಸಮಾಜದ ಬಾಗಿಲಿನ 'ಹೊಲಿಗೆ ಕಲಿಸಲಾಗುವುದು' ಎಂಬ ಬೋರ್ಡನ್ನು ಸರ್ವಮಂಗಳಾ ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದಳು. ಅದನ್ನೇ ತಂದು ಅಲ್ಲಿಟ್ಟಳು. ಕೊನೆಗೆ ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಳು.

ಅದೇ ವಾರ ಕುಣಿಗಲ್ಲಿನಿಂದ ಅಕ್ಕಯಮ್ಮನ ಮೈದುನ ಬಂದ. "ಅಮ್ಮ ಹಾಸಿಗೆ ಹಿಡಿದಿದಾಳೆ. ಚಿಕ್ಕತ್ತಿಗೆ ಕೈಲಿ ಆಗೋಲ್ಲ. ಎಷ್ಟಾದ್ರೂ ನಿಮ್ಮ ಮನೆ, ಹೊರಡಿ ಅತ್ತಿಗೆ" ಎಂದ. ಗಂಗಾಧರಯ್ಯನವರು ಅಕ್ಕನ ಟ್ರಂಕನ್ನು ಆಗಲೇ ಅಟ್ಟದಿಂದ ಇಳಿಸಿದ್ದರು. ನಡುಮನೆಗೆ ಯಾವತ್ತೂ ಬಂದು ನಿಲ್ಲದ ಅಕ್ಕಯಮ್ಮ ಅವತ್ತು ಬಂದು ನಿಂತು, "ನಾನು ಬರೋಲ್ಲ. ಹೊಲಿಗೆ ಕಲೀತೀನಿ" ಎಂದಳು. ಆ ಮಾತು ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮೈದುನ ಕಾಫಿಯನ್ನೂ ಕುಡಿಯದೆ ಹೋದ.

ಆ ಪುಟ ತನ್ನ ಬಾಯಿಂದಲೇ ಹುಟ್ಟಿದ್ದೆಂಬುದು ಸರ್ವಮಂಗಳಾಗೆ ಯಾವಾಗಲೋ ಮರೆತುಹೋಗಿತ್ತು. ಮನಸ್ಸಿನಲ್ಲಿ ಅದು ಅಚ್ಚಾಗಿಯೇ ಉಳಿದಿತ್ತು. ಆ ಒಂದು ಪುಟವನ್ನು ನಂಬಿ ಅತ್ತೆ ತನ್ನ ಬಾಳನ್ನೆಲ್ಲ ಕಟ್ಟಿಕೊಂಡಿದ್ದಾಳೆ. ಇನ್ನು ಅವಳೇ ಬೆರಳಿಟ್ಟು ಓದುತ್ತ ಓದುತ್ತ ಆ ಬಾವಿಗೆ ಬಂದರೆ?

ಪುಸ್ತಕ ಸಿಗಲಿಲ್ಲ ಎಂದುಬಿಡೋಣವೆಂದುಕೊಂಡಳು. ಆದರೆ ಸಂಜೆ ಬದರಿನಾಥ ಗೇಟಿನಿಂದಲೇ, "ಅತ್ತೆ, ನಿಮ್ಮ ಕುದುರೆಗಾಡಿ ಬಂತು! ಬಾಡಿಗೆ ಕೊಡಿ" ಎಂದು ಕೂಗಿದ.

ಅಕ್ಕಯಮ್ಮ ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಮಾರನೆಯ ದಿನದಿಂದ ಹಿತ್ತಿಲ ಜಗಲಿಯಲ್ಲಿ ಓದು ಶುರುವಾಯಿತು. ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳು ತಳ್ಳುತ್ತ ಅಕ್ಕಯಮ್ಮ ಓದುವಳು. ಅವಳಿಗೆ ಓದುವುದೆಂದರೆ ರಾಗ. 'ಅಂಚೆಯವನು ಬಂದನು' ಎಂಬುದನ್ನೂ ಎಳೆದು, ಏರಿಸಿ, ಇಳಿಸಿ ಹಾಡುವಳು. ತಲೆಗೂದಲು ಪೂರ್ತಿ ನೆರೆತಿದ್ದರೂ ಮುನಿವೆಂಕಟಮ್ಮ ಈಗಲೂ ಸೊಪ್ಪು ಹೊತ್ತು ಬರುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಬಿಚ್ಚಿ ಹೇಳುವಳು: "ಅಕ್ಕಯಮ್ನೋರೇ, ಇಂಗ್ ಓದಿದ್ರೆ ಆ ವಮ್ಮ ಗಾಡಿಯಿಂದ ಇಳಿಯೋಷ್ಟ್ರಲ್ಲಿ ನನ್ ಸೊಪ್ಪು ಒಣಗೋಯ್ತದೆ."

"ಅವಸರ ಇದ್ರೆ ನೀನೇ ಓದು, ಬಾ."

"ನಾನ್ ಓದಂಗಿದ್ರೆ ನಿಮ್ಗೆ ಯಾಕವ್ವಾ ಸೊಪ್ಪು ಮಾರ್ತಿದ್ದೆ? ಆ ಹಾಳಾದೋನು ಬಂದ್ನಾ ಇಲ್ವಾ, ಅದ್ ಹೇಳಿ."

ಸರ್ವಮಂಗಳಾ ಅಡಿಗೆಮನೆಯ ಕಿಟಕಿಯಿಂದ ನೋಡುವಳು. ಬಲಗಡೆಯ ಹಾಳೆಗಳು ದಿನದಿನಕ್ಕೆ ತೆಳ್ಳಗಾಗುತ್ತಿದ್ದವು. ಒಂದು ಸಂಜೆ ಅತ್ತೆ ದೀಪ ಹಚ್ಚಲು ಒಳಗೆ ಹೋದಾಗ ಅವಳು ಜಗಲಿಗೆ ಬಂದು ಕೊನೆಯ ಹಾಳೆಯನ್ನು ಬೆರಳುಗಳ ನಡುವೆ ಹಿಡಿದಳು. ಕಾಗದ ಹಪ್ಪಳದಂತೆ ಒಣಗಿತ್ತು, ಎಳೆದರೆ ಬಂದುಬಿಡುತ್ತಿತ್ತು. ಕಾಲು ತಗುಲಿದರೂ ಪುಸ್ತಕಕ್ಕೆ ಕೈ ಮುಗಿಯುವ ಮನೆಯಲ್ಲಿ ಬೆಳೆದವಳು. ಹಿಡಿದಷ್ಟೂ ಕೈ ಸಡಿಲವಾಯಿತು. ಒಳಗೆ ಅತ್ತೆ ದೇವರ ಮುಂದೆ ಹೇಳುತ್ತಿದ್ದ ಪದ್ಯ ಮುಗಿಯುವ ಮೊದಲೇ ಅಡಿಗೆಮನೆಗೆ ಹೋಗಿಬಿಟ್ಟಳು.

ಬಾವಿಯ ಪುಟ ಬಂದ ಮಧ್ಯಾಹ್ನ ಅವಳೂ ಬಂದು ಕಂಬಕ್ಕೆ ಒರಗಿ ಕೂತಳು. "ಕುಮುದಿನಿಯು... ಕೊಡವನ್ನು... ಕಟ್ಟೆಯ ಮೇಲಿಟ್ಟಳು" ಎಂದು ಅಕ್ಕಯಮ್ಮ ರಾಗವಾಗಿಯೇ ಓದಿದಳು. ಮುಂದಿನ ಸಾಲಿನಲ್ಲಿ ರಾಗ ಇಳಿಯಿತು. ಆಮೇಲೆ ರಾಗವೇ ಇರಲಿಲ್ಲ. ಅಕ್ಷರಗಳು ಒಂದೊಂದಾಗಿ, ಬರಿಯ ಅಕ್ಷರಗಳಾಗಿ ಬಂದವು. ಊರವರು ಹಗ್ಗ ತಂದರು. 'ಮುಗಿಯಿತು' ಎಂಬುದನ್ನೂ ಓದಿದಳು. ಹಾಳೆ ತಿರುಗಿಸಿ ಜಡೆಯ ಹೆಂಗಸನ್ನು ಒಂದು ಗಳಿಗೆ ನೋಡಿದಳು.

"ಅಯ್ಯೋ, ಸತ್ತೋದ್ಲಾ!" ಮುನಿವೆಂಕಟಮ್ಮ ಬಾಯಿಯ ಮೇಲೆ ಕೈಯಿಟ್ಟಳು. "ಆವಾಗ ಬದುಕಿದ್ಲಲ್ಲವ್ವಾ! ರೈಲಾಗ್ ಒಂಟೋದ್ಲು, ನಾನೇ ಕೇಳಿವ್ನಿ ಈ ಕಿವೀಲಿ. ಮಂಗಳಮ್ಮಾ, ಏನವ್ವಾ ಇದು?"

"ಅತ್ತೆ," ಸರ್ವಮಂಗಳಾ ಕಂಬ ಬಿಟ್ಟು ಮುಂದಕ್ಕೆ ಬಾಗಿದಳು. "ಅವತ್ತು ನಾನು..."

"ಗೊತ್ತು ಕಣೇ." ಅಕ್ಕಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಓದೋವಾಗ ನಿನ್ನ ಕಣ್ಣು ಅತ್ತಿಂದಿತ್ತ ಓಡ್ತಿತ್ತು. ಅವತ್ತು ಒಂದೇ ಕಡೆ ನಿಂತಿತ್ತು. ಬೆರಳು ನೋಡಿದ್ರೆ ಮೇಲಿಂದ ಕೆಳಕ್ಕೆ ಬರ್ತಿದೆ. ಯಾವ ಪುಸ್ತಕದಲ್ಲಿ ಅಕ್ಷರ ಹಾಗಿರುತ್ತೆ?"

"ಗೊತ್ತಿದ್ದೂ ಅಪ್ಪನ ಮುಂದೆ ಹಾಗೆ ಹೇಳಿದ್ರಾ? ಹೊಲಿಗೆ ಕಲೀತೀನಿ ಅಂತ?"

"ಮಗು ಬಾಯಲ್ಲಿ ಬಂದ ಮಾತು. ಯಾಕೆ ಬಿಡಬೇಕು ಅನ್ನಿಸ್ತು." ಕನ್ನಡಕವನ್ನು ಇನ್ನೂ ಒರೆಸುತ್ತಲೇ ಇದ್ದಳು. "ಆದ್ರೆ ಇವಳಿಗೆ ನಿಜವಾಗಿ ಏನಾಯ್ತು ಅಂತ ಒಂದು ಇದ್ದೇ ಇತ್ತು ಒಳಗೆ. ಯಾರನ್ನ ಕೇಳೋದು? ನಿನ್ನ ಕೇಳಿದ್ರೆ ನೀನು ಮತ್ತೆ ರೈಲು ಹತ್ತಿಸ್ತಿದ್ದೆ."

ಸರ್ವಮಂಗಳಾಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅತ್ತೆ ಈಗ 'ಮುಂದೆ ಓದು' ಎನ್ನುತ್ತಾಳೆಂದು ಕಾದಳು. ಅಕ್ಕಯಮ್ಮ ಪುಸ್ತಕ ಮುಚ್ಚಿದಳು. ಸಾವಿನ ಜಾಗದಲ್ಲೇ ಮುಚ್ಚಿ, ವ್ಯಾಸಪೀಠದಿಂದ ತೆಗೆದು ಪಕ್ಕಕ್ಕಿಟ್ಟು, ಕಂಬ ಹಿಡಿದು ಎದ್ದಳು.

"ಹಂಡೆ ಒಲೆ ಹಚ್ಚಬೇಡ. ತಣ್ಣೀರೇ ಆಗ್ಬೇಕು. ಸುದ್ದಿ ತಡವಾಗಿ ಬಂದಿದೆ, ಸೂತಕ ಏನೂ ಇರೋಲ್ಲ. ತಲೆಗೆ ನೀರು ಹಾಕ್ಕೊಂಡ್ರೆ ಸಾಕು."

ಅವಳು ಹೇಳುತ್ತಿರುವುದು ಯಾರ ಸುದ್ದಿಯೆಂದು ತಿಳಿಯಲು ಸರ್ವಮಂಗಳಾಗೆ ಸ್ವಲ್ಪ ಹೊತ್ತು ಬೇಕಾಯಿತು. ಮುನಿವೆಂಕಟಮ್ಮನಿಗೆ ಬೇಗ ತಿಳಿಯಿತು.

"ಪುಸ್ತಕದೋಳ್ಗಾ? ಸರಿ ಓಯ್ತು! ಅವಳೇನು ನಿಮ್ ನೆಂಟ್ರಾ ಅಕ್ಕಯಮ್ನೋರೇ?"

"ಕುಣಿಗಲ್ ಕಡೇಲಿ ಮುಖ ನೋಡದ ಎಷ್ಟು ನೆಂಟರಿಗೆ ನೀರು ಹಾಕ್ಕೊಂಡಿದೀನೋ. ಇವಳು ಗೊತ್ತಿದ್ದೋಳು."

ಬಚ್ಚಲುಮನೆಯ ಬಾಗಿಲು ಮುಚ್ಚಿತು. ಉಟ್ಟ ಸೀರೆಯಲ್ಲೇ ಕೂತಿರಬೇಕು. ಒದ್ದೆ ಬಟ್ಟೆಯ ಮೇಲೆ ಬೀಳುವ ನೀರಿನ ಭಾರವಾದ ಸದ್ದು ಚೆಂಬು ಚೆಂಬಾಗಿ ಕೇಳಿಬಂತು. ನಡುನಡುವೆ ಮೂಗು ಸೀಟಿಕೊಂಡ ಸದ್ದು. ಸರ್ವಮಂಗಳಾ ಬಚ್ಚಲ ಬಾಗಿಲ ಹೊರಗೆ ನಿಂತು ಜಡೆಯ ಹೆಣಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ನೀರಿನ ಸದ್ದು ನಿಂತ ಮೇಲೆ ಒಳಗಿನಿಂದ ದನಿ ಬಂತು: "ಇನ್ನೊಂದು ಬಕೆಟ್ ತುಂಬಿಸಿಟ್ಟಿದೀನಿ, ಬಾ."

ಅವಳು ಒಳಗೆ ಹೋದಾಗ ಹಿತ್ತಿಲ ನಲ್ಲಿಯೂ ತಿರುಗಿದ ಸದ್ದಾಯಿತು. "ಈ ಬ್ರಾಂಬ್ರ ಮನೇಲಿ ಕತೆ ಕೇಳಕ್ ಬಂದ್ರೆ ನೆಗಡಿನೂ ಕಟ್ಕೊಂಡ್ ಓಗ್ಬೇಕು" ಎಂದು ಮುನಿವೆಂಕಟಮ್ಮ ಗೊಣಗುತ್ತ ನಲ್ಲಿಯ ಕೆಳಗೆ ತಲೆ ಒಡ್ಡಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ಬುಟ್ಟಿ ಹೊತ್ತು ಬೀದಿಗಿಳಿದಳು. "ದಂಟು, ಮೆಂತ್ಯ, ಸಬ್ಬಸಿಗೇ..." ಎಂದು ಕೂಗುತ್ತ ಮೂಲೆಯ ಮನೆಯವರೆಗೆ ಹೋದಳು. ಅಲ್ಲಿ ಬಾಗಿಲಿಗೆ ಬಂದ ಹೆಂಗಸು ಅವಳ ತಲೆ ನೋಡಿ, ಇಷ್ಟು ಬಿಸಿಲಿನಲ್ಲಿ ಹೇಗೆ ನೆಂದೆ ಎಂದು ಕೇಳಿದಳು. ಮುನಿವೆಂಕಟಮ್ಮ ಬುಟ್ಟಿ ಇಳಿಸಿದಳು. ಅವಳ ಬಿಳಿಗೂದಲಿನಿಂದ ಇಳಿದ ನೀರು ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತಿತ್ತು.