ಹದಿನೆಂಟು ಉಸಿರು

"ನಿಮ್ಮ ಕೋಟು ಇನ್ನೂ ಆಗಿಲ್ಲ ತಾಯಿ, ಶುಕ್ರವಾರ ಬನ್ನಿ" ಎಂದು ಏಳನೇ ಮಂಚದ ಟೈಲರ್ ತಾತ ಸ್ವಂತ ಮಗಳಿಗೇ ಹೇಳಿದಾಗ ಅಕ್ಕಪಕ್ಕದ ರೋಗಿಗಳೆಲ್ಲ ಗೊಳ್ಳೆಂದು ನಕ್ಕರು. ಮಗಳೂ ನಕ್ಕಳು. ಪಿತ್ತಕೋಶದ ಆಪರೇಷನ್ ಆಗಿ ಮೂರು ದಿನ. ಅಪ್ಪ ತಮಾಷೆ ಮಾಡುವಷ್ಟು ಚೇತರಿಸಿಕೊಂಡರಲ್ಲ ಎಂದು ಅವಳಿಗೆ ಖುಷಿ. ಆದರೆ ತಾತ ಹೊದಿಕೆಯ ಅಂಚನ್ನು ಗೇಣು ಹಾಕಿ ಅಳೆಯುತ್ತ, "ಟೇಪ್ ಎಲ್ಲಿ ಹಾಳಾಗ್ ಹೋಯ್ತು?" ಎಂದು ರೇಗತೊಡಗಿದಾಗ ಅವಳ ನಗು ನಿಂತಿತು.

"ಸಿಸ್ಟರ್, ಅಪ್ಪಂಗೆ ನನ್ನ ಗುರುತೇ ಸಿಗ್ತಿಲ್ಲ!"

ಔಷಧದ ಗಾಡಿ ತಳ್ಳುತ್ತಿದ್ದ ಹಿರಿಯ ಸಿಸ್ಟರ್ ಬಂದು ತಾತನ ಹಣೆ ಮುಟ್ಟಿದಳು. ಜ್ವರವಿಲ್ಲ, ತಣ್ಣಗಿನ ಬೆವರು. ಮೇಲಿನ ಬಿಪಿ ತೊಂಬತ್ತೆಂಟಕ್ಕೆ ಇಳಿದಿತ್ತು. ಎದೆಯ ಮೇಲೆ ಕಣ್ಣಿಟ್ಟು, ವಾಚು ಹಿಡಿದು ಉಸಿರು ಎಣಿಸಿದಳು. ನಿಮಿಷಕ್ಕೆ ಮೂವತ್ತು. ಕೂಡಲೇ ಡಾಕ್ಟರಿಗೆ ಹೇಳಿಕಳಿಸಿದಳು.

ಸೆಪ್ಸಿಸ್, ಅಂದರೆ ಮೈಯೆಲ್ಲ ವ್ಯಾಪಿಸಿ ಜೀವ ತೆಗೆಯುವ ನಂಜು, ಅದನ್ನು ಜ್ವರಕ್ಕೆ ಕಾಯದೆ, ಉಸಿರಿನ ವೇಗ ಏರುವುದನ್ನು ನೋಡಿ ಮೊದಲೇ ಹಿಡಿಯಬಹುದೇ ಎಂದು ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿಂದ ಸಂಶೋಧನೆ ನಡೆದಿತ್ತು. ಅದಕ್ಕೊಂದು ಹಳದಿ ಹಾಳೆ. ನಾಲ್ಕು ಗಂಟೆಗೊಮ್ಮೆ ಪ್ರತಿ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಬೇಕು. ಪೂರ್ತಿ ನಿಮಿಷವಂತೆ! ಇಪ್ಪತ್ತೆಂಟು ಮಂಚಕ್ಕೆ ಇಬ್ಬರು ನರ್ಸುಗಳು, ಯಾರಿಗಿದೆ ಪುರುಸೊತ್ತು? ಹಾಗಾಗಿ ಆ ವಾರ್ಡಿನಲ್ಲಿ ಎಲ್ಲರೂ ಹದಿನೆಂಟೇ ಉಸಿರಾಡುತ್ತಿದ್ದರು. ಮುದುಕರು, ಗೊರಕೆ ಹೊಡೆಯುವವರು, ಎದ್ದು ಓಡಾಡುವವರು, ಎಲ್ಲರಿಗೂ ಹದಿನೆಂಟು. ಹೊಸ ನರ್ಸುಗಳಿಗೆ ಈ ವಿದ್ಯೆ ಧಾರೆಯೆರೆದವಳು ಸಾಕ್ಷಾತ್ ಈ ಹಿರಿಯ ಸಿಸ್ಟರೇ.

ಕರೆದ ಕೂಡಲೇ ಬಂದ ಎಳೆಯ ಡಾಕ್ಟರು ಹಳದಿ ಹಾಳೆ ತಿರುವಿದ. "ಜ್ವರ ಇಲ್ವಲ್ಲ ಸಿಸ್ಟರ್. ಹತ್ತು ಗಂಟೆಗೆ ಉಸಿರು ಹದಿನೆಂಟೇ ಇದೆ. ನೋವಿನ ಇಂಜೆಕ್ಷನ್ ಮಂಪರು ಇರ್ಬೇಕು. ರೇಗಾಡಿ ಏದುಸಿರು ಬಂದಿದೆ. ಒಂದು ಗಂಟೆ ಬಿಟ್ಟು ನೋಡೋಣ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಕಪ್ಪುಚುಕ್ಕೆಯೂ ಇರಲಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ತಾತ ಕೈಬಿಟ್ಟು ಹೋದರೆ? ಮಗಳು ಅಪ್ಪನ ಅಂಗಾಲು ತಿಕ್ಕುತ್ತ ಇವಳ ಮುಖವನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ಆ ಹದಿನೆಂಟು ಸುಳ್ಳು. ಬರೆದೋಳು ನಾನೇ. ಎಣಿಸಿರ್ಲಿಲ್ಲ."

"ಏನಂದ್ರಿ?"

"ನನ್ನ ಮೇಲೆ ಏನು ಬರೀಬೇಕೋ ಆಮೇಲೆ ಬರೀರಿ. ಈ ಮೂವತ್ತನ್ನ ಮಾತ್ರ ನಂಬಿ. ಇದನ್ನ ಎಣಿಸಿದೀನಿ."

ಡಾಕ್ಟರು ಹಾಳೆಯನ್ನು ಬದಿಗಿಟ್ಟ. ನಂತರ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೇ ಎಣಿಸಿದ. ಮೂವತ್ತೆರಡು. ಎದ್ದವನ ಮುಖದ ಬಣ್ಣವೇ ಬೇರೆಯಾಗಿತ್ತು.

ಆಮೇಲೆ ಯಾರೂ ನಡೆಯಲಿಲ್ಲ, ಓಡಿದರು. ಪರೀಕ್ಷೆಗೆ ರಕ್ತ ತೆಗೆದು, ಒಂದು ಕೈಗೆ ಸಲೈನು, ಇನ್ನೊಂದಕ್ಕೆ ಆಂಟಿಬಯೋಟಿಕ್ಕು. ಸಿಸ್ಟರ್ ವಾಚು ನೋಡಿದಳು: ತಾನು ಉಸಿರು ಎಣಿಸಿ ಇಪ್ಪತ್ಮೂರು ನಿಮಿಷ. ರಕ್ತದ ವರದಿ ನಂಜನ್ನು ಖಚಿತಪಡಿಸಿತು. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಕಟ್ಟಿದ್ದ ಕೀವು ಸಿಕ್ಕಿತು. ಸಂಜೆಯೊಳಗೆ ಅದನ್ನೂ ಹೊರತೆಗೆದರು. ಮರುದಿನ ಬೆಳಿಗ್ಗೆ ತಾತ ಕಣ್ಣುಬಿಟ್ಟು, "ಊಟ ಮಾಡಿದ್ಯೇನೇ ಮಗಳೇ?" ಎಂದಾಗ ಮಗಳು ಸಿಸ್ಟರನ್ನು ತಬ್ಬಿಕೊಂಡು ಅತ್ತಳು. ಸಿಸ್ಟರಿಗೂ ತಡೆಯಲಾಗಲಿಲ್ಲ.

ಡಾಕ್ಟರು ಸುಳ್ಳು ಲೆಕ್ಕದ ಬಗ್ಗೆ ವರದಿ ಬರೆದ. ಅವಳು ಸಹಿ ಹಾಕಿದಳು. ನಾಲ್ಕು ತಿಂಗಳ ಹಳದಿ ಹಾಳೆಗಳೆಲ್ಲ ರದ್ದಾದವು. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಅವಳನ್ನು ಎಲ್ಲರೆದುರು ಬೈದು, ಅದೇ ಉಸಿರಿನಲ್ಲಿ ವಾರ್ಡಿಗೆ ಮೂರನೇ ನರ್ಸನ್ನು ಕೊಟ್ಟಳು. ಈಗ ಹಾಳೆಯಲ್ಲಿ ಹದಿನಾರು, ಇಪ್ಪತ್ತೊಂದು, ಹತ್ತೊಂಬತ್ತು.

"ನೋಡಿ ಅಕ್ಕ, ನಮ್ಮ ರೋಗಿಗಳು ಒಬ್ಬೊಬ್ರೂ ಒಂದೊಂದು ಥರ ಉಸಿರಾಡೋಕೆ ಶುರು ಮಾಡಿದಾರೆ!" ಎಂದು ಕಿರಿಯ ನರ್ಸು ಕಾಲೆಳೆದಳು.

ಅದಾದ ಆರನೇ ದಿನ ತಾತ ದಿಂಬಿಗೊರಗಿ ಕೂತಿದ್ದ. "ಏನಮ್ಮಾ, ಇಷ್ಟು ಹೊತ್ತಿಂದ ಎದೆ ನೋಡ್ತಿದೀಯ? ಕೋಟು ಹೊಲೀತೀಯಾ?"

"ಸುಮ್ನಿರಿ ತಾತ, ಲೆಕ್ಕ ತಪ್ಪುತ್ತೆ" ಎಂದಳು ಹಿರಿಯ ಸಿಸ್ಟರ್.

ನಿಮಿಷ ಮುಗಿಯಿತು. ಅವಳು ಪೆನ್ನೆತ್ತಿದಳು, ಬರೆಯಲಿಲ್ಲ. ವಾಚು ತಿರುಗಿಸಿ ಇನ್ನೊಂದು ಪೂರ್ತಿ ನಿಮಿಷ ಎಣಿಸಿದಳು. ಮತ್ತೆ ಅಷ್ಟೇ. ಹಳದಿ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ ಬರೆದಳು: ಹದಿನೆಂಟು.